ಚರಂಡಿ ಕಾಮಗಾರಿ ಬಗ್ಗೆ ಆರ್‌ಟಿಐ ಹಾಕಿದ್ದಕ್ಕೆ ‘ಮಾಹಿತಿಯ ವ್ಯಾಖ್ಯೆಗೆ ಬರಲ್ಲ’ ಅಂತ ಹಿಂಬರಹ ಬಂದೈತೆ. ಮುಂದೇನು?

ಕೆರೆಏರಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಜಿಲ್ಲೆ, ಊರಿನ ಹೆಸರು ಬೇಡ. ನಮ್ಮ ಓಣಿಯಲ್ಲಿ ಹೋದ ವರ್ಷ ಸಿಸಿ ಚರಂಡಿ ಮಾಡಿದ್ರು. ಈ ಸಲದ ಮೊದಲ ಮಳೆಗೇ ಒಂದು ಬದಿ ಗೋಡೆ ಕುಸಿದು ಗಲೀಜು ನೀರೆಲ್ಲ ಮನೆ ಬಾಗಿಲಿಗೆ ಬರ್ತೈತೆ. ಪಂಚಾಯ್ತಿಗೆ ಹೋಗಿ ಕೇಳಿದ್ರೆ ‘ಅದು ಹಳೇ ಮೆಂಬರ್ ಕಾಲದ್ದು’ ಅಂದ್ರು.

ಅದಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಕೇಳಿದ್ದು ಇಷ್ಟೇ: ಚರಂಡಿಗೆ ಎಷ್ಟು ಖರ್ಚಾಗಿದೆ? ಇಷ್ಟು ಬೇಗ ಕುಸಿಯಲು ಕಾರಣವೇನು? ಇದಕ್ಕೆ ಹೊಣೆ ಯಾರು? ಅವರ ಮೇಲೆ ಏನು ಕ್ರಮ ಆಗಿದೆ? ಹೋದ ವಾರ ಹಿಂಬರಹ ಬಂತು. ‘ತಮ್ಮ ಅರ್ಜಿಯು ಪ್ರಶ್ನಾವಳಿ ರೂಪದಲ್ಲಿದ್ದು, ಸೆಕ್ಷನ್ 2(ಎಫ್)ರ ವ್ಯಾಖ್ಯೆಗೆ ಒಳಪಡದ ಕಾರಣ ವಿಲೇಗೊಳಿಸಲಾಗಿದೆ.’ ಕೆಳಗೆ ಸಹಿ, ಸೀಲು. ಮತ್ತೇನೂ ಇಲ್ಲ. ಗೊತ್ತಿದ್ದವರು ದಾರಿ ಹೇಳ್ರಿ.

ಮಂಡಕ್ಕಿ ಮೆಣಸಿನಕಾಯಿ:

‘ಯಾಕೆ ಕುಸೀತು’ ಅಂತ ಕೇಳಿದ್ರೆ ‘ಮಳೆ ಬಂತು, ಅದಕ್ಕೆ’ ಅಂತ ಬರೆಯೋಕೂ ಅವರಿಗೆ ಪುರುಸೊತ್ತಿಲ್ಲ ನೋಡ್ರಿ.

ನಿವೃತ್ತ ಎಫ್‌ಡಿಎ:

ತಮ್ಮಾ, ಆ ಹಿಂಬರಹ ಬರೆದವನಿಗೆ ಕಾನೂನು ಗೊತ್ತು, ಅದಕ್ಕೇ ಹಂಗೆ ಬರೆದಾನೆ. ಸಾಹೇಬರು ಹೇಳಿದ ಹಾಗೆ ಇಂಥವನ್ನ ನಾನೇ ಎಷ್ಟೋ ಟೈಪ್ ಮಾಡಿದವ. ಸೆಕ್ಷನ್ 2(ಎಫ್) ಪ್ರಕಾರ ಮಾಹಿತಿ ಅಂದ್ರೆ ದಾಖಲೆ, ಟಿಪ್ಪಣಿ, ಇ-ಮೇಲ್, ಅಭಿಪ್ರಾಯ, ಆದೇಶ, ಲಾಗ್‌ಬುಕ್, ಕರಾರು, ವರದಿ, ಹೀಗೆ ಕಚೇರಿಯಲ್ಲಿ ಯಾವುದಾದರೂ ರೂಪದಲ್ಲಿ ಇರೋದು. ಇರೋದನ್ನ ಕೊಡಬೇಕು. ಇಲ್ಲದ್ದನ್ನ ಹೊಸದಾಗಿ ಬರೆದು ಕೊಡಬೇಕಿಲ್ಲ. 2011ರಲ್ಲಿ ಸಿಬಿಎಸ್‌ಇ ಉತ್ತರ ಪತ್ರಿಕೆ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ಅದೇ ತೀರ್ಪಿನಲ್ಲಿ ವಿದ್ಯಾರ್ಥಿಗೆ ತನ್ನ ಉತ್ತರ ಪತ್ರಿಕೆ ನೋಡೋ ಹಕ್ಕನ್ನೂ ಕೊಟ್ಟಿತು, ಆ ಅರ್ಧ ಮಾತ್ರ ಕಚೇರಿಗಳಿಗೆ ನೆನಪಿರಲ್ಲ.

ಹಂಗಾಗಿ ‘ಯಾಕೆ’, ‘ಯಾರು ಹೊಣೆ’ ಎಲ್ಲ ಬಿಡು. ಕಾಗದದ ಹೆಸರು ಹಿಡಿದು ಕೇಳು. ಒಂದು ಚರಂಡಿ ಆಗಿದೆ ಅಂದ್ರೆ ಅದರ ಹಿಂದೆ ಒಂದು ಕಡತ ಇರಲೇಬೇಕು. ಸಭೆ ನಡಾವಳಿ, ಕ್ರಿಯಾ ಯೋಜನೆಯಲ್ಲಿ ಆ ಕಾಮಗಾರಿ ಇರೋ ಪುಟ, ಎಸ್ಟಿಮೇಟು, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ, ಎಂಬಿ (ಅಳತೆ) ಪುಸ್ತಕದ ಪುಟಗಳು, ಬಿಲ್ಲು, ವೋಚರು, ಕೆಲಸದ ಮುಂಚೆ ಮತ್ತು ಆಮೇಲೆ ತೆಗೆದ ಫೋಟೊ. ‘ಇಂಥ ವರ್ಷದ, ಇಂಥ ಓಣಿಯ, ಇಂಥವರ ಮನೆಯಿಂದ ಇಂಥವರ ಮನೆವರೆಗಿನ ಚರಂಡಿ ಕಾಮಗಾರಿಗೆ ಸಂಬಂಧಿಸಿದ ಈ ಕೆಳಕಂಡ ದಾಖಲೆಗಳ ದೃಢೀಕೃತ ನಕಲು’ ಅಂತ ಬರಿ. ಅಷ್ಟು ಸಾಕು.

ಇದರಲ್ಲಿ ಜೀವ ಇರೋದು ಎಂಬಿ ಪುಸ್ತಕದಲ್ಲಿ. ಎಸ್ಟಿಮೇಟು ಅಂದ್ರೆ ಮಾಡ್ತೀವಿ ಅಂದದ್ದು. ಎಂಬಿ ಅಂದ್ರೆ ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಆಳ, ಇಷ್ಟು ದಪ್ಪ ಕಾಂಕ್ರೀಟು ಆಗಿದೆ ಅಂತ ಜೆಇ (ಕಿರಿಯ ಎಂಜಿನಿಯರ್) ಅಳೆದು ಸಹಿ ಹಾಕಿದ್ದು. ದುಡ್ಡು ಬಿಡುಗಡೆ ಆಗೋದು ಆ ಅಳತೆ ಮೇಲೆ. ಆ ಪುಟ ಕೈಗೆ ಬಂದ ದಿನ ಒಂದು ಟೇಪು ತಗೊಂಡು ಓಣಿಗೆ ಇಳಿ. ಗೋಡೆ ದಪ್ಪ ಪುಸ್ತಕದಲ್ಲಿ 15 ಸೆಂಟಿಮೀಟರ್ ಇದ್ದು ನೆಲದ ಮೇಲೆ 10 ಇದ್ರೆ, ‘ಯಾಕೆ ಕುಸೀತು’ ಅನ್ನೋದಕ್ಕೆ ಉತ್ತರ ನಿನಗೇ ಸಿಕ್ಕಂಗಾಯ್ತು. ಯಾರ ಹಿಂಬರಹವೂ ಬೇಡ.

ದುರ್ಗದ ವಕೀಲೆ:

ಹಿರಿಯರು ಹೇಳಿದ್ದು ಸರಿ, ಒಂದಿಷ್ಟು ಸೇರಿಸ್ತೀನಿ. ನಾನು ಚಿತ್ರದುರ್ಗದಲ್ಲಿ ಪ್ರಾಕ್ಟೀಸ್ ಮಾಡ್ತೀನಿ.

ಮೊದಲನೇದು, ಆ ಹಿಂಬರಹವೇ ದೋಷದ್ದು. ಅರ್ಜಿ ತಿರಸ್ಕರಿಸಿದರೆ ಕಾರಣ ಹೇಳಬೇಕು, ಎಷ್ಟು ದಿನದಲ್ಲಿ ಮೇಲ್ಮನವಿ ಹಾಕಬಹುದು ಅಂತ ಹೇಳಬೇಕು, ಮೇಲ್ಮನವಿ ಪ್ರಾಧಿಕಾರಿ ಯಾರು ಅಂತಲೂ ಬರೆಯಬೇಕು. ಇದು ಸೆಕ್ಷನ್ 7(8). ನಿಮಗೆ ಬಂದದ್ದರಲ್ಲಿ ಕೊನೆಯ ಎರಡು ಇಲ್ಲ. ‘ಎಷ್ಟು ಖರ್ಚಾಗಿದೆ’ ಅನ್ನೋದಂತೂ ಪ್ರಶ್ನೆ ರೂಪದಲ್ಲಿದ್ದರೂ ದಾಖಲೆಯಲ್ಲಿ ಇರೋ ವಿಷಯ. ಅದನ್ನೂ ಸೇರಿಸಿ ಒಟ್ಟಿಗೆ ವಿಲೇ ಮಾಡಿದ್ದು ತಪ್ಪು. ಅರ್ಜಿದಾರರಿಗೆ ತಕ್ಕಮಟ್ಟಿಗೆ ನೆರವು ಕೊಡಬೇಕು ಅಂತ ಸೆಕ್ಷನ್ 5(3) ಹೇಳುತ್ತೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಅಧಿಕಾರಿಯೇ ಬರಹಕ್ಕೆ ಇಳಿಸಿಕೊಳ್ಳಲು ಸಹಾಯ ಮಾಡಬೇಕು ಅಂತಲೂ ಕಾನೂನಿನಲ್ಲಿದೆ.

ಪಂಚಾಯ್ತಿಯಲ್ಲಿ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮಾಹಿತಿ ಅಧಿಕಾರಿ ಆಗಿದ್ದರೆ ಮೊದಲ ಮೇಲ್ಮನವಿ ತಾಲ್ಲೂಕು ಪಂಚಾಯ್ತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ. ಹಿಂಬರಹ ಕೈಸೇರಿದ 30 ದಿನದೊಳಗೆ ಹಾಕಿ. ಅವರು 30 ದಿನದಲ್ಲಿ, ಕಾರಣ ಬರೆದು ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಇಲ್ಲೊಂದು ಎಚ್ಚರಿಕೆ: ಸೆಕ್ಷನ್ 18ರ ದೂರು ಬೇರೆ, ಸೆಕ್ಷನ್ 19ರ ಮೇಲ್ಮನವಿ ಬೇರೆ. ಸಿಟ್ಟಿನಲ್ಲಿ ಬರೀ ದೂರು ಹಾಕಿದರೆ ಅಧಿಕಾರಿಗೆ ದಂಡ ಬೀಳಬಹುದು, ಆದರೆ ಕಾಗದ ನಿಮ್ಮ ಕೈಗೆ ಬರಲ್ಲ. ಮಣಿಪುರದ ಕೇಸಿನಲ್ಲಿ 2011ರಲ್ಲೇ ಸುಪ್ರೀಂ ಕೋರ್ಟು ಇದನ್ನು ಇತ್ಯರ್ಥ ಮಾಡಿದೆ. ದಂಡ ಅಂದರೂ ದಿನಕ್ಕೆ 250 ರೂಪಾಯಿ, ಒಟ್ಟು 25,000 ದಾಟುವಂತಿಲ್ಲ.

ಮೇಲ್ಮನವಿ ಹಾಕಿ, ಜೊತೆಗೇ ಹೊಸ ಅರ್ಜಿಯನ್ನೂ ಹಾಕಿ. ಹತ್ತು ರೂಪಾಯಿ ಶುಲ್ಕ, ಅದಕ್ಕೆ ಯಾಕೆ ಕಾಯ್ತೀರಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ ಇರಬೇಕು. ಚರಂಡಿ ಜೊತೆಗೆ ಬೀದಿದೀಪ, ಬೋರ್‌ವೆಲ್ ಮೋಟಾರು ಎಲ್ಲ ತುಂಬಬೇಡಿ.

ಕೆರೆಏರಿ:

ಮೇಡಂ, ತುಂಬ ಥ್ಯಾಂಕ್ಸ್. ಒಂದು ಅನುಮಾನ. ನಕಲು ಕೇಳಿದ್ರೆ ಪುಟಕ್ಕೆ ಇಷ್ಟು ಅಂತ ಸಾವಿರಗಟ್ಟಲೆ ಕಟ್ಟು ಅಂತಾರಂತೆ, ಹೌದಾ?

ನಿವೃತ್ತ ಎಫ್‌ಡಿಎ:

ಎ4 ಪುಟಕ್ಕೆ 2 ರೂಪಾಯಿ. ಒಂದು ಚರಂಡಿ ಕಡತಕ್ಕೆ ನೂರು ರೂಪಾಯಿ ದಾಟೋದು ಕಷ್ಟ. ಆಟ ಇರೋದು ಬೇರೆ ಕಡೆ. 28ನೇ ದಿನವೋ 29ನೇ ದಿನವೋ ‘ಇಷ್ಟು ಪುಟ ಇವೆ, ಶುಲ್ಕ ಪಾವತಿಸಿ’ ಅಂತ ಒಂದು ಪತ್ರ ಬಿಡ್ತಾರೆ. ಆ ಪತ್ರ ಹೊರಟಲ್ಲಿಂದ ನೀನು ದುಡ್ಡು ಕಟ್ಟೋವರೆಗಿನ ದಿನಗಳು 30 ದಿನದ ಲೆಕ್ಕಕ್ಕೆ ಬರಲ್ಲ. ನೀನು ತಡ ಮಾಡಿದಷ್ಟೂ ಅವರಿಗೆ ಅನುಕೂಲ. ಪತ್ರ ಬಂದ ದಿನವೇ ಹೋಗಿ ಕಟ್ಟು, ರಸೀದಿ ಇಸ್ಕೋ. 30 ದಿನ ದಾಟಿ ಏನೂ ಬರಲಿಲ್ಲ ಅಂದ್ರೆ ಆಮೇಲೆ ಕೊಡೋ ನಕಲಿಗೆ ದುಡ್ಡು ಕೇಳೋ ಹಾಗೇ ಇಲ್ಲ, ಪೂರ್ತಿ ಉಚಿತ. ಬಿಪಿಎಲ್ ಕಾರ್ಡಿನವರಾದ್ರೆ ಅರ್ಜಿ ಶುಲ್ಕವೂ ಇಲ್ಲ.

ಅರ್ಜಿ ಕೈಯಾರೆ ಕೊಟ್ಟರೆ ನಿನ್ನ ಪ್ರತಿ ಮೇಲೆ ಸ್ವೀಕೃತಿ ಸೀಲು, ತಾರೀಖು ಹಾಕಿಸ್ಕೋ. ‘ಇನ್‌ವರ್ಡ್ ನಂಬರ್ ನಾಳೆ ಹೇಳ್ತೀನಿ’ ಅಂದ್ರೆ ಅಲ್ಲೇ ಕೂತಿರು. ಇಲ್ಲ ಸ್ಪೀಡ್ ಪೋಸ್ಟ್ ಮಾಡು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನೂ ಸ್ಪೀಡ್ ಪೋಸ್ಟ್‌ಗೇ ಸೇರಿಸಿಬಿಟ್ಟಿದ್ದಾರೆ, ನಮ್ಮ ಕಾಲದ ಆರ್‌ಪಿಎಡಿ (ಸ್ವೀಕೃತಿ ಚೀಟಿ ಬರೋ ರಿಜಿಸ್ಟರ್ಡ್ ಪೋಸ್ಟ್) ಅನ್ನೋ ಮಾತೂ ಹೋಯ್ತು.

ಚನ್ನಗಿರಿ ಅಡಿಕೆ:

ನಡುವೆ ಬರ್ತಿರೋದಕ್ಕೆ ಕ್ಷಮಿಸಿ. ನಮ್ಮ ಸಹಕಾರ ಸಂಘದಲ್ಲಿ ಯಾರ್ಯಾರಿಗೆ ಸಾಲ ಮನ್ನಾ ಆಗಿದೆ ಅಂತ ಕೇಳಿದ್ರೆ ‘ನಾವು ಆರ್‌ಟಿಐಗೆ ಬರಲ್ಲ’ ಅಂದ್ರು. ನಿಜವಾ?

ದುರ್ಗದ ವಕೀಲೆ:

ಅರ್ಧ ನಿಜ. ಕೇರಳದ ತಲಪ್ಪಾಲಂ ಸಹಕಾರ ಬ್ಯಾಂಕಿನ ಕೇಸಿನಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು, ಸರ್ಕಾರದ ಹಣ ಗಣನೀಯವಾಗಿ ಇಲ್ಲದ, ಸರ್ಕಾರದ ಹಿಡಿತದಲ್ಲೂ ಇಲ್ಲದ ಸಹಕಾರ ಸಂಘ ಸಾರ್ವಜನಿಕ ಪ್ರಾಧಿಕಾರ (ಆರ್‌ಟಿಐಗೆ ಒಳಪಡೋ ಸಂಸ್ಥೆ) ಅಲ್ಲ ಅಂದಿತು. ಆದರೆ ಸಹಕಾರ ಇಲಾಖೆ ಖಂಡಿತ ಸಾರ್ವಜನಿಕ ಪ್ರಾಧಿಕಾರ. ಕಾನೂನಿನ ಪ್ರಕಾರ ಸಹಕಾರ ಸಂಘಗಳ ನಿಬಂಧಕರು (ರಿಜಿಸ್ಟ್ರಾರ್) ಸಂಘದಿಂದ ತರಿಸಿಕೊಳ್ಳಬಹುದಾದ ಮಾಹಿತಿಯನ್ನು ಅವರ ಮೂಲಕ ಕೇಳಬಹುದು ಅಂತ ಅದೇ ತೀರ್ಪಿನಲ್ಲಿದೆ. ಅರ್ಜಿ ಸಂಘಕ್ಕಲ್ಲ, ಸಹಾಯಕ ನಿಬಂಧಕರ ಕಚೇರಿಗೆ ಹಾಕಿ. ಸಾಲ ಮನ್ನಾ ದುಡ್ಡು ಸರ್ಕಾರದ್ದು, ಅದರ ಲೆಕ್ಕ ಇಲಾಖೆಯಲ್ಲಿ ಇರುತ್ತೆ.

ಪಿಡಿಒ ಒಬ್ಬ:

ಎಲ್ಲ ಓದ್ತಾ ಇದ್ದೆ. ನಾನು ಪಕ್ಕದ ತಾಲ್ಲೂಕಿನಲ್ಲಿ ಪಿಡಿಒ. ನಮ್ಮ ಕಡೆ ಮಾತನ್ನೂ ಕೇಳಿ. ನನ್ನದು ಒಂದು ಪಂಚಾಯ್ತಿ, ಇನ್ನೊಂದು ಪ್ರಭಾರ. ಬೆಳಿಗ್ಗೆ ನೀರಿನ ಮೋಟಾರು, ಮಧ್ಯಾಹ್ನ ಇ-ಸ್ವತ್ತು, ಸಂಜೆ ವಿಡಿಯೊ ಕಾನ್ಫರೆನ್ಸ್. ಇದರ ಮಧ್ಯೆ ‘ಕಳೆದ ಹತ್ತು ವರ್ಷದ ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ’ ಅಂತ ಅರ್ಜಿ ಬರುತ್ತೆ. ಹಾಕಿದವರಿಗೆ ಚರಂಡಿ ಬೇಕಾಗಿಲ್ಲ. ಒಂದು ವಾರ ಬಿಟ್ಟು ಯಾರೋ ಫೋನ್ ಮಾಡಿ ‘ಅರ್ಜಿ ವಾಪಸ್ ತಗೋತಾರೆ, ಒಂದ್ಸಲ ಭೇಟಿ ಮಾಡಿ’ ಅಂತಾರೆ. ಬೈಕಿನ ಮುಂದೆ ‘ಆರ್‌ಟಿಐ’ ಅಂತ ಬೋರ್ಡ್ ಹಾಕ್ಕೊಂಡು ಓಡಾಡೋರನ್ನ ನೀವೂ ನೋಡಿರ್ತೀರಿ. ಸಾವಿರಾರು ಅರ್ಜಿ ಹಾಕಿದ ಕೆಲವರನ್ನು ರಾಜ್ಯ ಮಾಹಿತಿ ಆಯೋಗವೇ ಕಪ್ಪುಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಮೇಲೆ ಹೇಳಿದ ಸಿಬಿಎಸ್‌ಇ ತೀರ್ಪಿನಲ್ಲೇ, ಶೇ 75ರಷ್ಟು ಸಿಬ್ಬಂದಿ ತಮ್ಮ ಶೇ 75ರಷ್ಟು ಹೊತ್ತನ್ನು ಮಾಹಿತಿ ಹುಡುಕಿ ಕೊಡೋದರಲ್ಲೇ ಕಳೆಯೋ ಸ್ಥಿತಿ ದೇಶಕ್ಕೆ ಬೇಡ ಅಂತ ಕೋರ್ಟು ಹೇಳಿದೆ.

ಆ ಹಿಂಬರಹ ಸರಿ ಅಂತ ಹೇಳ್ತಿಲ್ಲ. ನಾನಾಗಿದ್ರೆ ಖರ್ಚಿನ ವಿವರ ಕೊಡ್ತಿದ್ದೆ.

ಮಂಡಕ್ಕಿ ಮೆಣಸಿನಕಾಯಿ:

ಸರ್, ಅರ್ಜಿ ವಾಪಸ್ ತಗೊಳ್ಳೋಕೆ ದುಡ್ಡು ಕೇಳೋನು ಕಳ್ಳ, ಒಪ್ಪಿದೆ. ಆದ್ರೆ ಕೊಡೋನು ಯಾಕೆ ಕೊಡ್ತಾನೆ? ಕಡತ ಸರಿ ಇದ್ದೋನಿಗೆ ಯಾರ ಬೋರ್ಡಿನ ಭಯ?

ನಿವೃತ್ತ ಎಫ್‌ಡಿಎ:

ಮಂಡಕ್ಕಿಯವರ ಮಾತು ಖಾರ, ಆದರೆ ನಿಜ. ಪಿಡಿಒ ಸಾಹೇಬರೇ, ನಿಮ್ಮ ಕಷ್ಟ ನನಗೆ ಗೊತ್ತು, ನಿಮ್ಮ ತಲೆಮೇಲೆ ಹೊರೆ ಹೆಚ್ಚು. ಆದರೆ ಆ ಹೊರೆ ಇಳಿಸೋ ದಾರಿಯೂ ಅದೇ ಕಾನೂನಿನಲ್ಲಿದೆ. ಸೆಕ್ಷನ್ 4(1)(ಬಿ) ಹದಿನೇಳು ಬಗೆಯ ವಿವರವನ್ನ ಯಾರೂ ಕೇಳದೆಯೇ ಪ್ರಕಟಿಸಿ ಅನ್ನುತ್ತೆ. ಬಜೆಟ್, ವೆಚ್ಚದ ವರದಿ, ಸಹಾಯಧನ ಯಾರಿಗೆ ಎಷ್ಟು, ಫಲಾನುಭವಿ ಯಾರು ಎಲ್ಲ ಅದರಲ್ಲೇ ಬರುತ್ತೆ. ಜನ ಈ ಕಾಯ್ದೆ ಬಳಸೋ ಅಗತ್ಯವೇ ಆದಷ್ಟು ಕಡಿಮೆ ಆಗಬೇಕು ಅಂತ 4(2)ರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಕಾಯ್ದೆ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ಕ್ಕೆ. ಇಷ್ಟು ವರ್ಷ ಕಳೆದರೂ ಎಷ್ಟು ಕಚೇರಿಗಳಲ್ಲಿ 4(1)(ಬಿ) ಅಂದ್ರೆ ಗೋಡೆ ಮೇಲೆ ಅಧಿಕಾರಿ ಹೆಸರು ಬರೆದ ಒಂದು ಬೋರ್ಡು ಅಷ್ಟೇ. ಅದರಲ್ಲಿ ಇರೋ ಅಧಿಕಾರಿ ವರ್ಗ ಆಗಿ ಹೋಗಿ ಎಷ್ಟೋ ದಿನ ಆಗಿರುತ್ತೆ.

ಪ್ರತಿ ಕಾಮಗಾರಿಯ ಎಸ್ಟಿಮೇಟು, ಎಂಬಿ, ಬಿಲ್ಲು ಮೂರನ್ನು ಸ್ಕ್ಯಾನ್ ಮಾಡಿ ಹಾಕಿಬಿಡಿ. ಬೋರ್ಡಿನ ಬೈಕಿನವನು ಬಂದ್ರೆ ‘ಅಲ್ಲೇ ಇದೆ, ನೋಡ್ಕೋ’ ಅಂದ್ರಾಯ್ತು. ಅವನ ವ್ಯಾಪಾರ ಅವತ್ತೇ ಬಂದ್.

ಪಿಡಿಒ ಒಬ್ಬ:

ಯಜಮಾನ್ರೇ, ಹೇಳೋದು ಸುಲಭ. ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್ ಬಿಟ್ರೆ ನನ್ನ ಹತ್ರ ಯಾರಿದ್ದಾರೆ? ಆದ್ರೂ ಒಂದು ಒಪ್ಪಿಕೊಳ್ತೀನಿ. ಉದ್ಯೋಗ ಖಾತ್ರಿಯ ಮಸ್ಟರ್ ರೋಲು (ಕೂಲಿ ಹಾಜರಿ ಪಟ್ಟಿ) ಆನ್‌ಲೈನ್ ಬಂದ ಮೇಲೆ ಅದರ ಬಗ್ಗೆ ನಮ್ಮಲ್ಲಿ ಅರ್ಜಿ ಬರೋದು ಕಡಿಮೆ ಆಗಿದೆ.

ಹಿರಿಯೂರು ಸಂಘದಕ್ಕ:

ನಮ್ಮ ಸ್ವಸಹಾಯ ಸಂಘದ ಹೆಂಗಸರು ಒಮ್ಮೆ ಕಾಗದ ಕೇಳಲೇ ಇಲ್ಲ, ಕಡತ ನೋಡ್ತೀವಿ ಅಂದ್ವಿ. ಸೆಕ್ಷನ್ 2(ಜೆ)ನಲ್ಲಿ ಐತಂತೆ, ಕೆಲಸ, ದಾಖಲೆ ಪರಿಶೀಲಿಸಬಹುದು, ಟಿಪ್ಪಣಿ ಬರ್ಕೋಬಹುದು, ಸಾಮಗ್ರಿಯ ಮಾದರಿ ಕೂಡ ಪಡೀಬಹುದು. ಮೊದಲ ಒಂದು ಗಂಟೆಗೆ ದುಡ್ಡಿಲ್ಲ. ನಾವು ಐದಾರು ಜನ ಹೋದ್ವಿ. ಕಡತ ಮುಂದಿಟ್ರು. ಯಾವ ಪುಟ ಬೇಕು ಅಂತ ಅಲ್ಲೇ ಗುರುತು ಹಾಕಿ ಅಷ್ಟರ ನಕಲು ಮಾತ್ರ ತಗೊಂಡ್ವಿ. ಒಬ್ಬಳೇ ಹೋಗಿದ್ರೆ ‘ಸಾಹೇಬ್ರು ಮೀಟಿಂಗಲ್ಲಿದ್ದಾರೆ’ ಅಂತ ವಾಪಸ್ ಕಳಿಸ್ತಿದ್ರು. ಕೆರೆಏರಿ ಅಣ್ಣಾ, ನಿಮ್ಮ ಓಣಿಯಲ್ಲಿ ನೀರು ನುಗ್ಗಿರೋ ಮನೆ ನಿಮ್ಮದೊಂದೇ ಅಲ್ಲ ತಾನೆ?

ಕೆರೆಏರಿ:

ಅಲ್ಲ ಅಕ್ಕ. ಆದ್ರೆ ಯಾರೂ ಹೆಸರು ಹಾಕೋಕೆ ಮುಂದೆ ಬರಲ್ಲ. ನಮ್ಮವ್ವನೂ ‘ನಿನಗ್ಯಾಕೆ ಬೇಕು ಊರ ಉಸಾಬರಿ’ ಅಂತಾಳೆ. ಅವಳು ಹೆದರೋದರಲ್ಲಿ ತಪ್ಪಿಲ್ಲ. 2023ರ ಜನವರಿಯಲ್ಲಿ ನಮ್ಮ ಜಿಲ್ಲೆಯಲ್ಲೇ, ಜಗಳೂರು ತಾಲ್ಲೂಕಲ್ಲಿ ಒಬ್ಬ ಆರ್‌ಟಿಐ ಕಾರ್ಯಕರ್ತನ ಕೊಲೆ ಆಯ್ತು. ಅದಕ್ಕೂ ಮುಂಚೆ 2021ರಲ್ಲಿ ಹರಪನಹಳ್ಳಿಯಲ್ಲಿ ಇನ್ನೊಬ್ಬರದ್ದು.

ದುರ್ಗದ ವಕೀಲೆ:

ಈ ಭಯವನ್ನು ಹಗುರವಾಗಿ ತಗೋಬೇಡಿ. ಅಕ್ರಮ ಬಯಲಿಗೆಳೆಯೋರ ರಕ್ಷಣೆಗೆ ಅಂತ 2014ರಲ್ಲಿ ಸಂಸತ್ತು ಕಾಯ್ದೆ ಮಾಡಿತು, ಅದನ್ನ ಜಾರಿಗೆ ತರಲೇ ಇಲ್ಲ. ಆದ್ದರಿಂದ ನಮ್ಮ ಜಾಗ್ರತೆ ನಾವೇ ಮಾಡ್ಕೋಬೇಕು.

ಯಾಕೆ ಬೇಕು ಅಂತ ಕಾರಣ ಹೇಳೋ ಅಗತ್ಯವೇ ಇಲ್ಲ, ಸೆಕ್ಷನ್ 6(2). ಸಂಪರ್ಕಕ್ಕೆ ಬೇಕಾದಷ್ಟು ವಿವರ ಸಾಕು. ಮನೆ ವಿಳಾಸ ಕೊಡಲು ಹಿಂಜರಿಕೆ ಇದ್ದರೆ ಅಂಚೆ ಕಚೇರಿಯ ಪೋಸ್ಟ್ ಬಾಕ್ಸ್ ನಂಬರ್ ಕೊಟ್ಟರೂ ಸಾಕು ಅಂತ ಕಲ್ಕತ್ತಾ ಹೈಕೋರ್ಟು 2013ರಲ್ಲಿ ಹೇಳಿದೆ. ಆದರೆ ಹಳ್ಳಿಯಲ್ಲಿ ಯಾರು ಹಾಕಿದ್ದು ಅಂತ ಹೇಗೂ ಗೊತ್ತಾಗುತ್ತೆ, ಅದನ್ನ ನಾನೂ ಬಲ್ಲೆ. ಅದಕ್ಕೆ ಅಕ್ಕ ಹೇಳಿದ ದಾರಿಯೇ ವಾಸಿ. ಒಂದೇ ಚರಂಡಿ ಬಗ್ಗೆ ಒಂದೇ ಪಠ್ಯದ ಅರ್ಜಿಯನ್ನ ಓಣಿಯ ಹತ್ತು ಮನೆಯವರು ಬೇರೆ ಬೇರೆ ಹೆಸರಲ್ಲಿ ಹಾಕಲಿ. ಹತ್ತು ಜನರಲ್ಲಿ ಒಬ್ಬನನ್ನ ಹೆದರಿಸಿ ಪ್ರಯೋಜನ ಇಲ್ಲ. ಪಿಡಿಒ ಅವರು ಬೇಜಾರು ಮಾಡ್ಕೋಬಾರದು, ಹತ್ತಕ್ಕೂ ಅದೇ ನಕಲು ಕೊಟ್ಟರೆ ಆಯ್ತು.

ಚನ್ನಗಿರಿ ಅಡಿಕೆ:

ಈಗ ಹೊಸ ಡಾಟಾ ಕಾನೂನು ಬಂದು ಯಾವ ಹೆಸರನ್ನೂ ಕೊಡೋ ಹಾಗಿಲ್ಲ ಅಂತ ನಮ್ಮ ಕಡೆ ಕಚೇರಿಯಲ್ಲಿ ಹೇಳ್ತಿದ್ದಾರೆ. ಗುತ್ತಿಗೆದಾರನ ಹೆಸರೂ ವೈಯಕ್ತಿಕ ಅಂತೆ!

ದುರ್ಗದ ವಕೀಲೆ:

ಇದೇ ಈಗಿನ ದೊಡ್ಡ ತಲೆನೋವು. ಮುಂಚೆ ಆರ್‌ಟಿಐ ಕಾಯ್ದೆಯ ಸೆಕ್ಷನ್ 8(1)(ಜೆ)ನಲ್ಲಿ ವೈಯಕ್ತಿಕ ಮಾಹಿತಿ ನಿರಾಕರಿಸಬೇಕಾದರೆ ಅದಕ್ಕೆ ಸಾರ್ವಜನಿಕ ಚಟುವಟಿಕೆ ಜೊತೆ ಸಂಬಂಧ ಇರಬಾರದು, ಇಲ್ಲವೇ ಖಾಸಗಿತನಕ್ಕೆ ಸಕಾರಣವಿಲ್ಲದ ಧಕ್ಕೆ ಆಗಬೇಕು ಅಂತಿತ್ತು. ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನ ಜನರಿಗೂ ನಿರಾಕರಿಸುವಂತಿಲ್ಲ ಅನ್ನೋ ಸಾಲೂ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 44(3) ಅದೆಲ್ಲ ತೆಗೆದು ‘ವೈಯಕ್ತಿಕ ಮಾಹಿತಿ’ ಅಂತಷ್ಟೇ ಉಳಿಸಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು.

ನನ್ನ ಅಭಿಪ್ರಾಯದಲ್ಲಿ ಇದು ಕಾಯ್ದೆಗೆ ಬಿದ್ದ ದೊಡ್ಡ ಪೆಟ್ಟು, 2019ರಲ್ಲಿ ಮಾಹಿತಿ ಆಯುಕ್ತರ ಅವಧಿ, ಸಂಬಳ ನಿಗದಿ ಮಾಡೋ ಅಧಿಕಾರವನ್ನ ಕೇಂದ್ರ ಸರ್ಕಾರದ ಕೈಗೆ ಕೊಟ್ಟದ್ದಕ್ಕಿಂತಲೂ. ಆಯುಕ್ತರ ಹತ್ತಿರ ಹೋಗೋರು ಕೆಲವರು, ಪಿಡಿಒ ಟೇಬಲ್ ಮುಂದೆ ನಿಲ್ಲೋರು ಎಲ್ಲರೂ. ಅಲ್ಲೇ ‘ವೈಯಕ್ತಿಕ’ ಅನ್ನೋ ಸೀಲು ಸಿಕ್ಕಿಬಿಟ್ಟಿದೆ.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಸೆಕ್ಷನ್ 8(2) ಹಾಗೇ ಇದೆ, ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು. ಮೇಲ್ಮನವಿಯಲ್ಲಿ ಇದನ್ನ ಬಾಯಿಬಿಟ್ಟು ಬರೆಯಿರಿ, ಎಷ್ಟು ಮನೆಗೆ ನೀರು ನುಗ್ಗಿದೆ, ಮಕ್ಕಳು ಓಡಾಡೋ ದಾರಿ ಹೌದೋ ಅಲ್ಲವೋ. ಸೆಕ್ಷನ್ 10 ಪ್ರಕಾರ ಕೊಡಬಾರದ ಸಾಲನ್ನ ಮಸಿ ಬಳಿದು ಉಳಿದದ್ದು ಕೊಡಬೇಕು. ಗುತ್ತಿಗೆದಾರನ ಬ್ಯಾಂಕ್ ಖಾತೆ, ಆಧಾರ್ ನಂಬರು ನಮಗೇಕೆ? ಮುಚ್ಚಲಿ. ಎಂಬಿಯ ಅಳತೆ ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ. ಅಡಿಕೆಯವರೇ, ನಿಮ್ಮ ವಿಷಯಕ್ಕೂ ಹೇಳ್ತೀನಿ, ಫಲಾನುಭವಿಗಳ ವಿವರ 4(1)(ಬಿ)ಯಲ್ಲಿ ಈಗಲೂ ಇದೆ, ಅದನ್ನ ತೆಗೆದಿಲ್ಲ. ಅರ್ಜಿಯಲ್ಲಿ ಅದನ್ನೂ ನಮೂದಿಸಿ.

ನಿವೃತ್ತ ಎಫ್‌ಡಿಎ:

ಒಂದು ವಿಷಯ ಹೇಳಿ ಮುಗಿಸ್ತೀನಿ. ಕೇಂದ್ರದ ಕಾಯ್ದೆಗೂ ಮುಂಚೆ ನಮ್ಮ ರಾಜ್ಯದಲ್ಲೇ 2000ದಲ್ಲಿ ಒಂದು ಮಾಹಿತಿ ಹಕ್ಕು ಕಾಯ್ದೆ ಆಗಿತ್ತು. ತಮಿಳುನಾಡು, ಗೋವಾ 1997ರಲ್ಲೇ ಮಾಡಿದ್ವು. ಆದರೆ ಇದಕ್ಕೆ ಬಲ ಬಂದದ್ದು ರಾಜಸ್ಥಾನದ ಹಳ್ಳಿಗರಿಂದ. 1994ರಿಂದ ಅಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು, ಅರುಣಾ ರಾಯ್ ಅವರೆಲ್ಲ ಸೇರಿ, ಪಂಚಾಯ್ತಿ ಲೆಕ್ಕವನ್ನ ಊರ ಮುಂದೆ ಕೂತು ಗಟ್ಟಿಯಾಗಿ ಓದಿಸಿದ್ರು. ಯಾರ ಹೆಸರಲ್ಲಿ ಕೂಲಿ ಬರೆದಿದೆಯೋ ಅವರೇ ಎದ್ದು ‘ನನಗೆ ಬಂದಿಲ್ಲ’ ಅಂದ್ರು. ಮೊದಲು ಊರ ಮುಂದೆ ಓದೋದು ಶುರುವಾಯ್ತು, ಕಾಯ್ದೆ ಆಮೇಲೆ ಬಂತು.

ನಮ್ಮಲ್ಲಿ ಅಂಥದ್ದಕ್ಕೆ ಸರ್ಕಾರಿ ಜಾಗವೇ ಇದೆ: ಜಮಾಬಂದಿ. 2004ರ ನಿಯಮದ ಪ್ರಕಾರ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯ್ತಿಯಲ್ಲಿ ಜಮಾಬಂದಿ ಆಗಬೇಕು. ಹಿಂದಿನ ವರ್ಷದ ಲೆಕ್ಕ, ಕಡತ ಜನರ ಎದುರು ಇಡಬೇಕು, ಮೇಲಿನ ತಂಡ ಬಂದು ಕಾಮಗಾರಿ ಸ್ಥಳವನ್ನೂ ನೋಡಬೇಕು. ಬಹಳ ಕಡೆ ಏನಾಗುತ್ತೆ ಅಂದ್ರೆ ನೋಟಿಸು ಪಂಚಾಯ್ತಿ ಬಾಗಿಲ ಹಿಂದೆ ಅಂಟುತ್ತೆ, ಮೆಂಬರುಗಳು ಮಂಡಕ್ಕಿ ಚಹಾ ಮುಗಿಸಿ ಸಹಿ ಹಾಕಿ ಹೋಗ್ತಾರೆ. ಹತ್ತು ರೂಪಾಯಿ ಅರ್ಜಿಯೂ ಬೇಕಿಲ್ಲದ ಒಂದು ದಿನ ಅದು, ನಾವು ಹೋಗಲ್ಲ.

ಮಂಡಕ್ಕಿ ಮೆಣಸಿನಕಾಯಿ:

ಮಂಡಕ್ಕಿ ಹೆಸರು ಎಲ್ಲದಕ್ಕೂ ಎಳೀಬೇಡ್ರಿ ಯಜಮಾನ್ರೇ.

ಪಿಡಿಒ ಒಬ್ಬ:

ನಮ್ಮಲ್ಲಿ ಡಂಗುರ ಸಾರಿಸ್ತೀವಿ, ಕಸದ ಗಾಡಿ ಮೈಕಲ್ಲೂ ಹೇಳಿಸ್ತೀವಿ. ಜನ ಬರಲ್ಲ ಅನ್ನೋದು ನಿಜ. ಕೆರೆಏರಿಯವರೇ, ಹಳೇ ಕಡತ ಸಿಕ್ತಿಲ್ಲ ಅಂತ ನಿಮಗೆ ಹೇಳಿದ್ರೆ ಒಪ್ಪಬೇಡಿ. ಪಂಚಾಯ್ತಿಯಲ್ಲಿ ಇಲ್ಲದಿದ್ದರೂ ಎಸ್ಟಿಮೇಟಿನ ಪ್ರತಿ ಎಂಜಿನಿಯರಿಂಗ್ ವಿಭಾಗದಲ್ಲಿ ಇರುತ್ತೆ. ಒಂದು ಕಚೇರಿಗೆ ಹಾಕಿದ ಅರ್ಜಿ ಇನ್ನೊಂದಕ್ಕೆ ಸಂಬಂಧಿಸಿದ್ದಾದರೆ ಐದು ದಿನದೊಳಗೆ ಅವರೇ ವರ್ಗಾಯಿಸಬೇಕು. 15ನೇ ಹಣಕಾಸು ಆಯೋಗದ ದುಡ್ಡಾಗಿದ್ರೆ ಪಾವತಿ ವಿವರ ಇ-ಗ್ರಾಮ್ ಸ್ವರಾಜ್ ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿ ನೋಡಿ. ಅದನ್ನ ಮೊದಲು ಪ್ರಿಂಟ್ ತೆಗೆದಿಟ್ಟುಕೊಂಡು ಆಮೇಲೆ ಅರ್ಜಿ ಬರೀರಿ, ಕಾಮಗಾರಿ ಹೆಸರು ಅಲ್ಲಿರೋ ಹಾಗೇ ಹಾಕಿ. ಹೆಸರು ಒಂದಕ್ಷರ ಬೇರೆ ಇದ್ರೂ ‘ಅಂಥ ಕಾಮಗಾರಿ ಇಲ್ಲ’ ಅಂತ ಬರೆಯೋರಿದ್ದಾರೆ.

ಹಿರಿಯೂರು ಸಂಘದಕ್ಕ:

ನೋಡ್ರಿ, ಒಳಗಿನವರು ಬಾಯಿಬಿಟ್ರೆ ಎಷ್ಟು ಗೊತ್ತಾಗ್ತೈತೆ!

ಕೆರೆಏರಿ:

ಇ-ಗ್ರಾಮ್ ಸ್ವರಾಜ್ ಈಗಷ್ಟೇ ನೋಡಿದೆ. ನಮ್ಮ ಓಣಿ ಚರಂಡಿ ಸಿಕ್ತು, ಹೆಸರು ಬೇರೆ ಥರ ಇದೆ, ಬೇರೆ ಓಣಿ ಹೆಸರಲ್ಲಿ. ಆ ಓಣಿಯಲ್ಲಿ ಚರಂಡಿಯೇ ಇಲ್ಲ. ಇವತ್ತು ರಾತ್ರಿ ಪಕ್ಕದ ಮನೆಯವರನ್ನ ಕೂರಿಸ್ಕೊಂಡು ಅರ್ಜಿ ಬರೀತೀನಿ. ಮೇಲ್ಮನವಿ ನಾಳೆ. ಮೇಡಂ, ಕರಡು ಇಲ್ಲೇ ಹಾಕಿದ್ರೆ ಒಮ್ಮೆ ಕಣ್ಣಾಡಿಸ್ತೀರಾ?

ದುರ್ಗದ ವಕೀಲೆ:

ಹಾಕಿ. ಊರಿನ ಹೆಸರು, ಫೋನ್ ನಂಬರ್ ತೆಗೆದು ಹಾಕಿ. ಎರಡೂ ಓಣಿಯ ಫೋಟೊ ಇವತ್ತೇ ತೆಗೆದಿಟ್ಕೊಳ್ಳಿ, ಅರ್ಜಿ ಒಳಗೆ ಹೋದ ಮೇಲೆ ರಾತ್ರೋರಾತ್ರಿ ಚರಂಡಿ ರಿಪೇರಿ ಆಗಿಬಿಡಬಹುದು.